ತಲಶ್ಶೇರಿ ಹೆಸರಿನ ಕರಿಮೆಣಸು: ಕೊಡಗಿನಲ್ಲಿ ಕೊಳ್ಳುವ ಮೊದಲು ನೋಡಬೇಕಾದದ್ದು

ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಸಾಂಬಾರ ಪದಾರ್ಥದ ಅಂಗಡಿಗಳಲ್ಲಿ ಕರಿಮೆಣಸಿನ ಎರಡು ಬಗೆಯ ಪೊಟ್ಟಣ ಅಕ್ಕಪಕ್ಕ ಇರುತ್ತವೆ. ಒಂದರ ಮೇಲೆ ‘ಕೂರ್ಗ್ ಪೆಪ್ಪರ್’ ಅಂತ, ಇನ್ನೊಂದರ ಮೇಲೆ ‘ತೆಲ್ಲಿಚೆರಿ ಎಕ್ಸ್‌ಟ್ರಾ ಬೋಲ್ಡ್’ ಅಂತ. ಎರಡನೆಯದರ ಬೆಲೆ ಜಾಸ್ತಿ. ಪ್ರವಾಸಕ್ಕೆ ಬಂದವರು ಇದು ಕೇರಳದಿಂದ ಬಂದ ಬೇರೆ ಜಾತಿಯ ಮೆಣಸು ಎಂದುಕೊಂಡು ಕೊಳ್ಳುತ್ತಾರೆ, ಇಲ್ಲವೇ ಕೊಡಗಿಗೆ ಬಂದು ಕೇರಳದ್ದೇಕೆ ಎಂದು ಬಿಟ್ಟುಹೋಗುತ್ತಾರೆ. ಎರಡೂ ತಪ್ಪು ಲೆಕ್ಕ. ಆ ಪೊಟ್ಟಣದಲ್ಲಿರುವ ಕಾಳು ಸಿದ್ದಾಪುರದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯದ್ದೇ ಆಗಿರಬಹುದು. ತೆಲ್ಲಿಚೆರಿ, ಅಂದರೆ ತಲಶ್ಶೇರಿ, ಎಂಬುದು ಇಲ್ಲಿ ಕಾಳಿನ ಗಾತ್ರದ ದರ್ಜೆ, ಬೆಳೆದ ಊರಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಊಟದ ಹೊತ್ತಿಗೆ ಆಗಷ್ಟೇ ಪುಡಿಮಾಡಿ ಮೊಟ್ಟೆಯ ಮೇಲೆ, ಸಾರಿನ ಮೇಲೆ, ಹುರಿದ ಮೀನಿನ ಮೇಲೆ ಉದುರಿಸುವವರಿಗೆ ಈ ದರ್ಜೆಗೆ ಕೊಡುವ ಹೆಚ್ಚಿನ ಹಣ ಸಾರ್ಥಕ. ಕಪ್ಪಗೆ ಹುರಿದು ಪಂದಿಕರಿಯ ಮಸಾಲೆ ಮಾಡುವವರಿಗೆ ಇದು ದಂಡ. ಕಾರಣ ಮುಂದಿದೆ. ಅದಕ್ಕೂ ಮೊದಲು ಆ ಹೆಸರು ಎಲ್ಲಿಂದ ಬಂತು ಅನ್ನುವುದನ್ನು ನೋಡಬೇಕು. ಅದು ಗೊತ್ತಾದರೆ ಪೊಟ್ಟಣ ಓದುವ ರೀತಿಯೇ ಬದಲಾಗುತ್ತದೆ.

ತಲಶ್ಶೇರಿ ಈಗಿನ ಕಣ್ಣೂರು ಜಿಲ್ಲೆಯ ಸಣ್ಣ ಕಡಲ ಊರು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ, ಮಟ್ಟನ್ನೂರು, ಕೂತುಪರಂಬ ದಾಟಿದರೆ ಸುಮಾರು 80 ಕಿ.ಮೀ. ದಕ್ಷಿಣ ಕೊಡಗಿನವರಿಗೆ ಮೈಸೂರಿಗಿಂತ ಹತ್ತಿರದ ಪೇಟೆ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ 17ನೇ ಶತಮಾನದ ಕೊನೆಯಲ್ಲಿ ಇಲ್ಲಿ ಕೋಠಿ ಹಾಕಿದ್ದು ಮೆಣಸು, ಏಲಕ್ಕಿಗಾಗಿಯೇ. 1708ರಲ್ಲಿ ಕೋಟೆ ಕಟ್ಟಿತು. ಚೌಕಾಕಾರದ, ಮುರಕಲ್ಲಿನ ದಪ್ಪ ಗೋಡೆಯ ಆ ಕೋಟೆ ಇಂದಿಗೂ ಊರ ನಡುವೆ ನಿಂತಿದೆ. ಹೈದರನ ಕಡೆಯವರು 1780ರ ಹೊತ್ತಿಗೆ ಊರಿಗೆ ಮುತ್ತಿಗೆ ಹಾಕಿದ್ದರು; 1782ರ ಜನವರಿಯಲ್ಲಿ ಅದು ಮುರಿಯಿತು.

ಕೊಡಗಿನ ಮಟ್ಟಿಗೆ ಮುಖ್ಯವಾದದ್ದು 1790. ಆ ವರ್ಷ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರನಿಗೂ ಕಂಪನಿಗೂ ಒಪ್ಪಂದವಾಯಿತು. ಕಂಪನಿಯ ಪರವಾಗಿ ಮಾಡಿಕೊಂಡವನು ತಲಶ್ಶೇರಿಯ ಮುಖ್ಯಸ್ಥ ರಾಬರ್ಟ್ ಟೇಲರ್. ಟಿಪ್ಪುವಿನ ವಿರುದ್ಧ ಕೈಜೋಡಿಸುವ ಮಾತುಗಳ ಜೊತೆಗೆ ವ್ಯಾಪಾರದ ಷರತ್ತೂ ಅದರಲ್ಲಿತ್ತು: ಮೆಣಸು, ಏಲಕ್ಕಿ, ಗಂಧದಂಥ ಕೊಡಗಿನ ಉತ್ಪನ್ನಗಳನ್ನು ಕೊಳ್ಳುವಲ್ಲಿ ಕಂಪನಿಗೆ ಮೊದಲ ಹಕ್ಕು. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕರಾವಳಿಯಿಂದ ಈ ಘಟ್ಟ ಹತ್ತಿ ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆ ಹೋಯಿತು. ರಾಜನೂ ಜನರಲ್ಲನೂ ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿದ ಪೇಟೆಯೇ ವಿರಾಜಪೇಟೆ. ಕೊಡಗಿನ ಈ ಊರು ಹುಟ್ಟಿದ್ದೇ ತಲಶ್ಶೇರಿಯ ದಾರಿಯ ಮೇಲೆ.

ಆಮೇಲೆ ಕಾಫಿ ಬಂತು. ಮಡಿಕೇರಿಯ ಹತ್ತಿರ 1854ರಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾದ ಮೇಲೆ ಎತ್ತಿನ ಗಾಡಿಗಳ ಓಡಾಟ ಹೆಚ್ಚಿತು. ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಉಳಿಸಿದ ಬೀಜ, ತೋಟದಿಂದ ಕರಾವಳಿಗೆ ಇಳಿಯುವಾಗ ತೇವ ಹೀರುತ್ತದೆ. ಅದಕ್ಕೇ ಅದನ್ನು ಮತ್ತೆ ಒಣಗಿಸಿ, ಸಿಪ್ಪೆ ತೆಗೆದು, ಗಾತ್ರವಾರು ಬೇರ್ಪಡಿಸುವ ಕ್ಯೂರಿಂಗ್ ಕೆಲಸ ಬಂದರಿನ ಊರಲ್ಲೇ ನಡೆಯುತ್ತಿತ್ತು. ಮೆಣಸಿನದ್ದೂ ಅದೇ ಕಥೆ. ಬಿಸಿಲಿಗೆ ಹರಡುವುದು, ಜೊಳ್ಳು ತೂರುವುದು, ಜರಡಿ ಹಿಡಿಯುವುದು ಕಡಲ ದಂಡೆಯ ಪಾಂಡಿಕಶಾಲೆಗಳಲ್ಲಿ, ಅಂದರೆ ಉಗ್ರಾಣಗಳಲ್ಲಿ. ಜರಡಿಯ ಮೇಲೆ ಉಳಿದ ದಪ್ಪ ಕಾಳಿಗೆ ಹೊರದೇಶದ ವ್ಯಾಪಾರಿಗಳು ಹಡಗು ಹತ್ತಿಸಿದ ಊರಿನ ಹೆಸರನ್ನೇ ಇಟ್ಟುಕೊಂಡರು. ವಯನಾಡಿನದ್ದೂ ಕೊಡಗಿನದ್ದೂ ಒಂದೇ ಹೆಸರಲ್ಲಿ ಹೊರಟಿತು.

ಈ ಬಂದರಿನ ಬಗ್ಗೆ ತಿಳಿಯದವರಿಗೆ ಅಚ್ಚರಿಯಾಗುವ ಒಂದು ಸಂಗತಿ ಇದೆ. ಹಡಗು ದಡಕ್ಕೆ ತಾಗಿ ನಿಲ್ಲುವಂಥ ಆಳ ತಲಶ್ಶೇರಿಯಲ್ಲಿ ಯಾವತ್ತೂ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು, ಮೂಟೆಗಳು ದೋಣಿಯಲ್ಲಿ ಹೋಗುತ್ತಿದ್ದವು. ಕಡಲೊಳಗೆ ಚಾಚಿಕೊಂಡ ಕಬ್ಬಿಣದ ಕಂಬಗಳ ಕಡಲ್‌ಪಾಲ 1910ರಲ್ಲಿ ಆಯಿತು. ಜೂನ್ ಬಂದರೆ ಸಮುದ್ರವೇ ಮುಚ್ಚಿದ ಹಾಗೆ, ಸೆಪ್ಟೆಂಬರ್ ತನಕ ದೋಣಿ ಇಳಿಯದು. ಮೆಣಸಿನ ಕುಯಿಲು ಫೆಬ್ರವರಿಯಿಂದ ಏಪ್ರಿಲ್ ವರೆಗೆ, ಒಣಗಿ ಗಾಡಿ ಘಟ್ಟ ಇಳಿಯುವಾಗ ಸಮುದ್ರ ಇನ್ನೂ ತೆರೆದಿರುತ್ತಿತ್ತು. ಈ ಹೊಂದಾಣಿಕೆ ಇರದಿದ್ದರೆ ಇಷ್ಟು ಆಳವಿಲ್ಲದ ಕಡಲು ಇಷ್ಟು ವ್ಯಾಪಾರ ನಡೆಸುತ್ತಿರಲಿಲ್ಲ. ಹಡಗುಗಳು ದೊಡ್ಡವಾದ ಮೇಲೆ, ರೈಲು ಬಂದ ಮೇಲೆ, ಕೊಚ್ಚಿಯ ಆಳವಾದ ಬಂದರು ತಯಾರಾದ ಮೇಲೆ ಸರಕು ಅತ್ತ ಸರಿಯಿತು. ಪಣಂಬೂರಿನ ನವಮಂಗಳೂರು ಬಂದರನ್ನು 1974ರಲ್ಲಿ ಪ್ರಮುಖ ಬಂದರೆಂದು ಘೋಷಿಸಿದರು. ಕೊಡಗಿನ ಸರಕು ಈಗ ಹೋಗುವುದು ಅಲ್ಲಿಂದ ಮತ್ತು ಕೊಚ್ಚಿಯಿಂದ. ತಲಶ್ಶೇರಿಯಲ್ಲಿ ಮೀನುಗಾರಿಕೆ ಬಂದರು ಉಳಿದಿದೆ, ಮೆಣಸಿನ ದರ್ಜೆಯಲ್ಲಿ ಹೆಸರು ಉಳಿದಿದೆ.

ಇನ್ನು ಪೊಟ್ಟಣಕ್ಕೆ ಬರೋಣ.

ಅಗ್‌ಮಾರ್ಕ್ ದರ್ಜೆಯಲ್ಲಿ ಮೇಲಿನದ್ದು ‘ತೆಲ್ಲಿಚೆರಿ ಗಾರ್ಬಲ್ಡ್ ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್’, ವ್ಯಾಪಾರಿಗಳ ಬಾಯಲ್ಲಿ ಟಿಜಿಎಸ್‌ಇಬಿ. 4.75 ಮಿ.ಮೀ. ತೂತಿನ ಜರಡಿಯ ಮೇಲೆ ಉಳಿಯುವ ಕಾಳು. ಅದರ ಕೆಳಗಿನದು ‘ಎಕ್ಸ್‌ಟ್ರಾ ಬೋಲ್ಡ್’, ಟಿಜಿಇಬಿ, 4.25 ಮಿ.ಮೀ. ಜರಡಿಯದ್ದು. ಗಾರ್ಬಲ್ಡ್ ಅಂದರೆ ಕಡ್ಡಿ, ಕಸ, ಜೊಳ್ಳು ತೆಗೆದು ಶುಚಿ ಮಾಡಿದ್ದು. ದಪ್ಪ ಕಾಳನ್ನು ಬೇರೆ ಮಾಡದ, ಆದರೆ ಶುಚಿಯಾದ ಸಾಮಾನ್ಯ ರಫ್ತು ದರ್ಜೆ ಎಂಜಿ-1, ‘ಮಲಬಾರ್ ಗಾರ್ಬಲ್ಡ್’. ಜರಡಿ, ತೂರು ಯಾವುದೂ ಆಗದೆ ತೋಟದಿಂದ ನೇರ ಬಂದ ರಾಶಿ ಅನ್‌ಗಾರ್ಬಲ್ಡ್.

ಇಲ್ಲಿ ಕೊಳ್ಳುವವರು ಗಮನಿಸಬೇಕಾದ ಮಾತು ಒಂದಿದೆ. ದಪ್ಪ ಕಾಳು ಬೇರೆ ಬಳ್ಳಿಯಿಂದಲೇ ಬರಬೇಕೆಂದಿಲ್ಲ. ಒಂದೇ ಕಣದ ರಾಶಿಯನ್ನು ಜರಡಿ ಹಿಡಿದರೆ ಮೇಲುಳಿದದ್ದು ತೆಲ್ಲಿಚೆರಿ ಆಗುತ್ತದೆ, ಕೆಳಗೆ ಬಿದ್ದದ್ದು ಇನ್ನೊಂದು ಹೆಸರಿನ ಪೊಟ್ಟಣಕ್ಕೆ ಹೋಗುತ್ತದೆ. ಹಾಗಾಗಿ ‘ಕೂರ್ಗ್ ಪೆಪ್ಪರ್’ ಎಂದು ಮಾತ್ರ ಬರೆದ ಪೊಟ್ಟಣವನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ: ಇದು ಇಡೀ ರಾಶಿಯದ್ದಾ, ದಪ್ಪದ್ದು ತೆಗೆದ ಮೇಲಿನದ್ದಾ? ತಿಳಿದ ಅಂಗಡಿಯವರು ನೇರವಾಗಿ ಹೇಳುತ್ತಾರೆ. ಕಾಳುಗಳು ಸಣ್ಣವು ದೊಡ್ಡವು ಬೆರೆತಿದ್ದರೆ ಇಡೀ ರಾಶಿ. ಎಲ್ಲವೂ ಸಮನಾಗಿ ಸಣ್ಣಗಿದ್ದರೆ ಮೇಲಿನದ್ದು ಈಗಾಗಲೇ ಬೇರೆ ಪೊಟ್ಟಣ ಸೇರಿದೆ. ಎರಡನೆಯದು ಕೆಟ್ಟದ್ದೇನಲ್ಲ, ಆದರೆ ಬೆಲೆ ಕಡಿಮೆ ಇರಬೇಕು.

ಗಾತ್ರ ದೊಡ್ಡದಾದ ಮಾತ್ರಕ್ಕೆ ಖಾರ ಹೆಚ್ಚಲ್ಲ. ಖಾರ ಪೈಪರಿನ್‌ನಿಂದ, ಪರಿಮಳ ಆವಿಯಾಗುವ ಎಣ್ಣೆಯಿಂದ. ಕಾಳು ಬಲಿತಷ್ಟೂ ಒಳಗೆ ಪಿಷ್ಟ ತುಂಬುತ್ತದೆ, ತೂಕ ಬರುತ್ತದೆ, ಎಣ್ಣೆಯ ಪಾಲು ಸ್ವಲ್ಪ ಇಳಿಯುತ್ತದೆ. ಎಣ್ಣೆ, ಓಲಿಯೊರೆಸಿನ್ (ಖಾರ, ಪರಿಮಳ ಎರಡೂ ಇರುವ ಗಟ್ಟಿ ಸತ್ವ) ತೆಗೆಯುವ ಕಾರ್ಖಾನೆಯವರು ಎಳೆಯ ಹಗುರ ಕಾಳನ್ನು ಹುಡುಕುವುದು ಅದಕ್ಕೇ. ಬಲಿತ ದಪ್ಪ ಕಾಳಿನ ಗುಣ ಬೇರೆ: ಮೂಗಿಗೆ ಮೊದಲು ಪರಿಮಳ ಬರುತ್ತದೆ, ನಾಲಿಗೆಗೆ ಖಾರ ನಿಧಾನಕ್ಕೆ ಏರುತ್ತದೆ. ಪುಡಿ ಮಾಡುವಾಗ ಹೋಳಾಗಿ ಒಡೆಯುತ್ತದೆ, ಹಿಟ್ಟಾಗುವುದಿಲ್ಲ. ಹಣ ಕೊಡುವುದು ಇದಕ್ಕೆ.

ಪರೀಕ್ಷೆ ಮಾಡಲು ಪ್ರಯೋಗಾಲಯ ಬೇಡ. ಶಾಲೆಯ ಸ್ಕೇಲ್ ತೆಗೆದುಕೊಂಡು ಆರಿಸದೆ ಕೈಗೆ ಬಂದ ಹತ್ತು ಕಾಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಡಿ. ಟಿಜಿಎಸ್‌ಇಬಿ ಆದರೆ ಸಾಲು 47–48 ಮಿ.ಮೀ.ಗೆ ಕಡಿಮೆ ಇರಬಾರದು, ಟಿಜಿಇಬಿ ಆದರೆ 42–43ಕ್ಕೆ. ಕಾಳು ಉರುಳದಂತೆ ಸ್ಕೇಲಿನ ಅಂಚಿಗೆ ಮಡಿಸಿದ ಕಾಗದದ ಸಂದು ಮಾಡಿಕೊಂಡರೆ ಸುಲಭ. ಹತ್ತರಲ್ಲಿ ಮೂರ್ನಾಲ್ಕು ಕಾಳು ಕಣ್ಣಿಗೇ ಸಣ್ಣಗೆ ಕಂಡರೆ ಅಳೆಯುವ ಕೆಲಸವೂ ಬೇಡ, ಬೇರೆ ದರ್ಜೆ ಬೆರೆಸಿದ್ದಾರೆ.

ಎರಡನೆಯದು ಲೀಟರ್ ತೂಕ. ನಮ್ಮ ಮೆಣಸು ವ್ಯಾಪಾರವೇ ಇದರ ಮೇಲೆ ನಡೆಯುವುದು. ಒಂದು ಲೀಟರ್ ಅಳತೆಯ ಪಾತ್ರೆಗೆ ಕುಲುಕದೆ, ಅದುಮದೆ ಮೆಣಸು ತುಂಬಿ, ಬಾಯಿಯ ಮಟ್ಟಕ್ಕೆ ಸವರಿ ತೂಗಿದರೆ 550 ಗ್ರಾಂ ಅಥವಾ ಮೇಲೆ ಬಂದರೆ ಒಳ್ಳೆಯ ಸರಕು. 500ಕ್ಕಿಂತ ಕೆಳಗೆ ಬಂದರೆ ಒಳಗೆ ಜೊಳ್ಳು ಇದೆ ಅಥವಾ ಎಳೆಯದನ್ನು ಕೊಯ್ದಿದ್ದಾರೆ. ಮನೆಯಲ್ಲಿ ಕಾಲು ಲೀಟರ್ ಲೋಟ ಸಾಕು, 137 ಗ್ರಾಂ ದಾಟಬೇಕು. 100 ಗ್ರಾಂ ಪೊಟ್ಟಣ ತಂದವರು ಅದನ್ನು ಅಳತೆ ಲೋಟಕ್ಕೆ ಸುರಿದು ನೋಡಲಿ: ಸುಮಾರು 180 ಮಿ.ಲೀ. ಗೆರೆಯ ಆಚೀಚೆ ನಿಂತರೆ ಸರಿ, 200 ದಾಟಿದರೆ ಹಗುರ. ಕುಲುಕಿ ತುಂಬಿದರೆ ಸಂದುಗಳು ಮುಚ್ಚಿ ತೂಕ ಹೆಚ್ಚು ಬರುತ್ತದೆ. ಮಾರುವವರು ಕುಲುಕಿ ತೋರಿಸಿದರೆ ಒಪ್ಪಬೇಡಿ.

ಪಪ್ಪಾಯಿ ಬೀಜದ ಬೆರಕೆ ಹಳೆಯ ಮೋಸ, ಇನ್ನೂ ನಿಂತಿಲ್ಲ. ಒಂದು ಲೋಟ ನೀರಿಗೆ ಚಮಚದಷ್ಟು ಹಾಕಿ. ಬಲಿತ ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಮೆಣಸಿನ ಜೊಳ್ಳೂ ತೇಲುವುದರಿಂದ ತೇಲಿದ್ದನ್ನು ಕೈಗೆ ತೆಗೆದುಕೊಂಡು ನೋಡಬೇಕು: ಪಪ್ಪಾಯಿಯದು ಗುಂಡಗಿರದೆ ಮೊಟ್ಟೆಯಾಕಾರ, ಬಣ್ಣದಲ್ಲಿ ಹಸಿರು ಬೆರೆತ ಕಂದು, ಕಚ್ಚಿದರೆ ಮೆಣಸಿನ ವಾಸನೆ ಇಲ್ಲ. ಇನ್ನೊಂದು ಮೋಸ ಹೊಳಪಿನದ್ದು. ಬೂಷ್ಟು ಮುಚ್ಚಲು, ಕಪ್ಪಗೆ ಕಾಣಿಸಲು ಮಿನರಲ್ ಆಯಿಲ್ ಸವರುತ್ತಾರೆ. 2012ರ ಕೊನೆಯಲ್ಲಿ ಕೊಚ್ಚಿಯ ಗೋದಾಮುಗಳಲ್ಲಿದ್ದ ಸಾವಿರಾರು ಟನ್ ಮೆಣಸನ್ನು ಆಹಾರ ಸುರಕ್ಷತಾ ಅಧಿಕಾರಿಗಳು ಇದೇ ಕಾರಣಕ್ಕೆ ತಡೆಹಿಡಿದಿದ್ದರು. ಹಿಡಿ ಕಾಳನ್ನು ಬಿಳಿ ಕಾಗದದಲ್ಲಿ ಸುತ್ತಿ ಗಟ್ಟಿಯಾಗಿ ಉಜ್ಜಿ ನೋಡಿ, ಜಿಡ್ಡಿನ ಕಲೆ ಬಿದ್ದರೆ ಅಂಗಡಿಗೇ ವಾಪಸ್ ಕೊಡಿ. ಚೆನ್ನಾಗಿ ಒಣಗಿದ ಮೆಣಸು ಕಪ್ಪಗಿರುತ್ತದೆ, ಮಿರಮಿರ ಹೊಳೆಯುವುದಿಲ್ಲ.

ಬಣ್ಣದ ಮಾತು ಬಂದದ್ದರಿಂದ ಒಣಗಿಸುವ ಕ್ರಮವನ್ನೂ ಹೇಳಬೇಕು. ಪೊಟ್ಟಣದೊಳಗಿನ ಹೆಚ್ಚಿನ ದೋಷಗಳು ಹುಟ್ಟುವುದು ಕಣದಲ್ಲಿ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ಯುವುದು ಸರಿಯಾದ ಹದ. ಬಿಡಿಸಿದ ಹಸಿ ಕಾಳನ್ನು ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಸಿಪ್ಪೆಯ ಕೋಶಗಳು ಒಡೆದು, ಅದರಲ್ಲಿರುವ ಕಿಣ್ವ ಕೆಲಸ ಮಾಡಿ, ಒಂದೇ ಸಮನೆ ಕಪ್ಪು ಬಣ್ಣ ಬರುತ್ತದೆ. ಒಣಗುವುದೂ ಬೇಗ. ಬಿಸಿಲು ಚೆನ್ನಾಗಿದ್ದರೆ ನಾಲ್ಕರಿಂದ ಆರು ದಿನ ಸಾಕು. ಇದನ್ನೇ ಮೂರ್ನಾಲ್ಕು ನಿಮಿಷ ಬಿಟ್ಟರೆ ಬಿಸಿಗೆ ಆ ಕಿಣ್ವವೇ ಸಾಯುತ್ತದೆ, ಮೆಣಸು ಕಂದಾಗಿಯೇ ಉಳಿಯುತ್ತದೆ, ಪರಿಮಳದ ಎಣ್ಣೆಯೂ ನೀರಿಗೆ ಹೋಗುತ್ತದೆ. ಅಂಗಡಿಯಲ್ಲಿ ಕಾಳು ದಪ್ಪವಾಗಿದ್ದೂ ಬಣ್ಣ ಕಂದಾಗಿದ್ದರೆ ಕಾರಣ ಇದಿರಬಹುದು. ನೂರು ಕೆ.ಜಿ. ಹಸಿ ಮೆಣಸಿಗೆ ಒಣಗಿದ್ದು ಸಿಗುವುದು ಸುಮಾರು 33 ಕೆ.ಜಿ. 35 ದಾಟಿದೆ ಎಂದು ಯಾರಾದರೂ ಹೇಳಿದರೆ ಒಳಗೆ ತೇವ ಉಳಿದಿದೆಯೇ ಎಂದು ನೋಡಬೇಕಾಗುತ್ತದೆ.

ಕೊಡಗಿನಲ್ಲಿ ಕಣಕ್ಕೆ ಶತ್ರು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ. ಕಾಫಿಗೆ ಅದು ಬೇಕೇ ಬೇಕು, ಆದರೆ ಬರುವುದು ಮೆಣಸು ಕಣದಲ್ಲಿರುವ ಹೊತ್ತಿಗೆ. ಮಧ್ಯಾಹ್ನ ಮೋಡ ಕವಿದು ಟಾರ್ಪಾಲು ಮುಚ್ಚುವಷ್ಟರಲ್ಲಿ ಅರ್ಧ ರಾಶಿ ನೆಂದಿರುತ್ತದೆ. ನೆಂದದ್ದನ್ನು ರಾಶಿ ಹಾಕಿ ಮುಚ್ಚಿಟ್ಟರೆ ಬಿಸಿಯೇರಿ ಮುಗ್ಗುತ್ತದೆ, ಕಾಳಿನ ಸುಕ್ಕಿನೊಳಗೆ ಬಿಳಿ ಬೂಷ್ಟು ಕೂರುತ್ತದೆ. ಬೆಂಕಿಯ ಬಿಸಿಗೆ ಒಣಗಿಸಿದರೆ ಹೊಗೆ ವಾಸನೆ ಹಿಡಿಯುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಪೊಟ್ಟಣ ಒಡೆದ ತಕ್ಷಣ ಮೂಗು ಹತ್ತಿರ ಹಿಡಿಯುವುದು ಅದಕ್ಕೆ. ಬರಬೇಕಾದದ್ದು ಹಸಿ ಕಟ್ಟಿಗೆ, ನಿಂಬೆ ಸಿಪ್ಪೆ ಬೆರೆತಂಥ ಚುರುಕು ವಾಸನೆ. ಮುಗ್ಗು, ಹೊಗೆ, ಗೋಣಿಚೀಲ, ಮೂರರಲ್ಲಿ ಯಾವುದು ಬಂದರೂ ಬೇಡ.

ತೇವ 11 ಶೇಕಡಾ ಆಸುಪಾಸಿನಲ್ಲಿರಬೇಕು, 12 ದಾಟಿದರೆ ಬೂಷ್ಟಿಗೆ ದಾರಿ. ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಎರಡಾಗಬೇಕು. ಅಮುಕಿದಂತೆ ಆಗಿ ಆಮೇಲೆ ಒಡೆದರೆ ತೇವವಿದೆ. ಒಡೆದ ಕಾಳಿನ ಒಳಗು ಬೆಳ್ಳಗೆ, ಗಟ್ಟಿಯಾಗಿ, ನಡುವೆ ಸಣ್ಣ ಟೊಳ್ಳಿನೊಂದಿಗೆ ಇರುತ್ತದೆ. ಒಳಗೆಲ್ಲ ಖಾಲಿ ಇದ್ದರೆ ಅದು ಜೊಳ್ಳು. ಲೇಬಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಪ್ಯಾಕ್ ಮಾಡಿದ ತಿಂಗಳು, ದರ್ಜೆಯ ಪೂರ್ಣ ಹೆಸರು ಇರಲಿ. ‘ಬೋಲ್ಡ್’, ‘ಪ್ರೀಮಿಯಂ’, ‘ರಾಯಲ್’ ಎಂಬ ಮಾತುಗಳಿಗೆ ಅಳತೆಯಿಲ್ಲ. ಮರದ ಡಬ್ಬಿ, ಆನೆಯ ಚಿತ್ರದ ಉಡುಗೊರೆ ಪೆಟ್ಟಿಗೆಗಳಲ್ಲಿ ಬರುವ 50 ಗ್ರಾಂ ಮೆಣಸಿಗೆ ಕೊಡುವ ಹಣದ ಹೆಚ್ಚು ಪಾಲು ಪೆಟ್ಟಿಗೆಗೇ ಹೋಗುತ್ತದೆ; ನಾವು ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಕಾಳು ಕಾಣುವ ಸಾದಾ ಪೊಟ್ಟಣವೇ ವಾಸಿ, ಆದರೆ ಅದು ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿರಬಾರದು. ಬೆಳಕು ಬಿಸಿ ಎರಡೂ ಮೆಣಸಿಗೆ ಆಗದು.

ಇನ್ನು ಅಡುಗೆ. ಪಂದಿಕರಿಗೆ ಒಂದು ಕೆ.ಜಿ. ಮಾಂಸಕ್ಕೆ ಎರಡು ಟೇಬಲ್ ಚಮಚದಷ್ಟು ಮೆಣಸನ್ನು ಕೊತ್ತಂಬರಿ ಬೀಜ, ಜೀರಿಗೆ, ಸಾಸಿವೆ ಜೊತೆ ಕಪ್ಪಾಗುವ ತನಕ ಹುರಿಯುತ್ತೇವೆ. ಆ ಉರಿಯಲ್ಲಿ ದಪ್ಪ ಕಾಳಿನ ಪರಿಮಳ ಆವಿಯಾಗುತ್ತದೆ, ಉಳಿಯುವುದು ಖಾರ ಮತ್ತು ಹುರಿದ ಕಂಪು. ಜೊತೆಗೆ ದಪ್ಪ ಕಾಳು ಹೊರಗೆ ಕರಕಲಾದರೂ ಒಳಗೆ ಹಸಿಯಾಗಿಯೇ ಇರುತ್ತದೆ, ಸಣ್ಣ ಕಾಳಿನಷ್ಟು ಸಮನಾಗಿ ಹುರಿಯುವುದಿಲ್ಲ. ಈ ಕೆಲಸಕ್ಕೆ ಎಂಜಿ-1 ಅಥವಾ ತೋಟದ ರಾಶಿ ಸಾಕು, ಅದೇ ಚೆನ್ನ. ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯ ಹುಳಿ ಎದುರಿಗೆ ನಿಲ್ಲುವುದು ಆ ಖಾರವೇ. ತೆಲ್ಲಿಚೆರಿ ದರ್ಜೆಯದ್ದನ್ನು ಒಲೆಯಿಂದ ಇಳಿಸಿದ ಮೇಲೆ, ಕುಟ್ಟಾಣಿಯಲ್ಲಿ ನಾಲ್ಕು ಹೋಳಾಗುವಷ್ಟು ಮಾತ್ರ ಕುಟ್ಟಿ ಹಾಕಬೇಕು. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದರೆ ಬಿಸಿಗೆ ಎಣ್ಣೆ ಹಾರಿ, ಎರಡು ವಾರದಲ್ಲಿ ಬೆಲೆಬಾಳುವ ಮೆಣಸೂ ಸಾಮಾನ್ಯ ಪುಡಿಯೂ ಒಂದೇ ಆಗುತ್ತವೆ. ಕಷಾಯಕ್ಕೂ ಅಷ್ಟೇ, ಕುಟ್ಟಿದ್ದನ್ನು ಕೊನೆಗೆ ಹಾಕಿ ಮುಚ್ಚಿಡಿ.

ಮಡಿಕೇರಿ, ಭಾಗಮಂಡಲದಂಥ ಕಡೆ ಜೂನ್‌ನಿಂದ ಆಗಸ್ಟ್ ತನಕ ಗಾಳಿಯಲ್ಲೇ ತೇವ. ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಸಣ್ಣ ಡಬ್ಬಿಗೆ ತೆಗೆದುಕೊಳ್ಳಿ. ಒಲೆಯ ಮೇಲಿನ ಕಪಾಟು ಬೇಡ, ಕುಕ್ಕರಿನ ಆವಿ ಡಬ್ಬಿ ತೆರೆದಾಗಲೆಲ್ಲ ಒಳಗೆ ಹೋಗುತ್ತದೆ. ಮಳೆ ಕಳೆದ ಮೇಲೆ ಅಕ್ಟೋಬರಿನ ಬಿಸಿಲಿಗೆ ಅರ್ಧ ದಿನ ಹರಡಿ, ತಣ್ಣಗಾದ ನಂತರ ತುಂಬಿಟ್ಟರೆ ಮುಂದಿನ ಕುಯಿಲಿನ ತನಕ ಬರುತ್ತದೆ.

ತಲಶ್ಶೇರಿಗೇ ಹೋಗಿ ಮೆಣಸು ತರಬೇಕೇ ಎಂದು ಕೇಳುವವರಿದ್ದಾರೆ. ಮೆಣಸಿಗಾಗಿ ಹೋಗುವ ಅಗತ್ಯವಿಲ್ಲ, ಅದೇ ದರ್ಜೆ ಇಲ್ಲೇ ಸಿಗುತ್ತದೆ. ಊರಿಗಾಗಿ ಹೋಗಿ. ಕೋಟೆ, ಕಡಲ್‌ಪಾಲ, ದಂಡೆಯ ಹಳೆಯ ಉಗ್ರಾಣಗಳು ಹತ್ತಿರ ಹತ್ತಿರ ಇವೆ, ಒಂದು ಮಧ್ಯಾಹ್ನ ಸಾಕು. ಇಲ್ಲಿಕುನ್ನಿನಲ್ಲಿ ಹರ್ಮನ್ ಗುಂಡರ್ಟ್ ಇದ್ದ ಬಂಗಲೆ ಇದೆ. ಬಾಸೆಲ್ ಮಿಷನ್ನಿನ ಈತ 1847ರಲ್ಲಿ ಇಲ್ಲಿಂದಲೇ ಮಲಯಾಳದ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ ಹೊರಡಿಸಿದ. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದು, ಆಮೇಲೆ ಕೊಡಗಿಗೆ ಬಂದು ಕೆಲಸ ಮಾಡಿದವನು. 1883ರಲ್ಲಿ ಮಂಬಳ್ಳಿ ಬಾಪು ಎಂಬ ಬೇಕರಿಯವರು ಅಂಜರಕಂಡಿಯ ದಾಲ್ಚಿನ್ನಿ ತೋಟದ ಬ್ರೌನ್ ಸಾಹೇಬನಿಗಾಗಿ ಕ್ರಿಸ್‌ಮಸ್ ಕೇಕ್ ಮಾಡಿಕೊಟ್ಟದ್ದೂ ಈ ಊರಲ್ಲೇ. ಸಣ್ಣಕ್ಕಿಯ ಬಿರಿಯಾನಿ ಮಧ್ಯಾಹ್ನಕ್ಕೇ ತಿನ್ನಿ. ಅನ್ನ ಮಸಾಲೆ ಬೇರೆ ಬೇರೆ ಬೇಯಿಸಿ ದಮ್ ಕಟ್ಟುವುದರಿಂದ ತಡವಾದಷ್ಟೂ ಅಕ್ಕಿ ಮೆತ್ತಗಾಗುತ್ತದೆ.

ಕಡಲ್‌ಪಾಲದ ಕಬ್ಬಿಣ ಉಪ್ಪುಗಾಳಿಗೆ ಸವೆದಿದೆ, ಮೇಲೆ ಹೋಗಲು ತಡೆ ಹಾಕಿದ್ದರೆ ದಾಟಬೇಡಿ. ಮಾಕುಟ್ಟ ಘಾಟಿ 2018ರ ಮಳೆಯಲ್ಲಿ ಕುಸಿದು ಮುಚ್ಚಿತ್ತು. ಈಗಲೂ ಜೂನ್, ಜುಲೈಯಲ್ಲಿ ಹೊರಡುವ ಮೊದಲು ವಿರಾಜಪೇಟೆಯಲ್ಲಿ ರಸ್ತೆಯ ಸ್ಥಿತಿ ವಿಚಾರಿಸಿ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಮೆಣಸಿಗೆ ಮಾತ್ರ ಏಪ್ರಿಲ್ ಕೊನೆಯವರೆಗೆ ಕಾಯಿರಿ, ಹೊಸ ಕುಯಿಲಿನದ್ದು ಆಗ ಅಂಗಡಿಗೆ ಬಂದಿರುತ್ತದೆ.